ಲಾಜರನ ಕಟ್ಟುಗಳು: ಕ್ಯಾನ್ಸರ್ ಚಿಕಿತ್ಸೆ ತೀರಿದವರ ವಿಷಯವಾಗಿ ಒಂದು ಪಾಠ

ಓದತಕ್ಕ ವೇದಭಾಗಗಳು: ಯೋಹಾನ 11ನೇ ಅಧ್ಯಾಯ 38ರಿಂದ 44ನೇ ವಚನ, ಯೆಶಾಯ 38ನೇ ಅಧ್ಯಾಯ. ಮನೆಕೂಟಗಳಲ್ಲಿ ಈ ಪಾಠವನ್ನು ಎರಡು ಸಾಯಂಕಾಲಗಳಲ್ಲಿ ಓದುವದು ಒಳ್ಳೇದು; ಯಾಕಂದರೆ ಇದರಲ್ಲಿಯ ಕೆಲವು ಮಾತುಗಳನ್ನು ನಿಂತು ವಿಚಾರಿಸಬೇಕಾಗಿದೆ.

ಬೇಥಾನ್ಯದ ಸಮಾಧಿಯ ಮುಂದೆ ನಡೆದ ಅದ್ಭುತಕಾರ್ಯವನ್ನು ನಾವೆಲ್ಲರೂ ಸಂಡೇಸ್ಕೂಲಿನ ದಿನಗಳಿಂದ ಕೇಳುತ್ತಾ ಬಂದಿದ್ದೇವೆ. ಸತ್ತು ನಾಲ್ಕು ದಿವಸವಾಗಿದ್ದ ಲಾಜರನು ಕರ್ತನ ಒಂದೇ ಕೂಗಿಗೆ ಎದ್ದು ಹೊರಗೆ ಬಂದನು. ಪ್ರಸಂಗ ಮಾಡುವವರು ಸಾಧಾರಣವಾಗಿ ಈ ಸ್ಥಳದಲ್ಲಿಯೇ ಆಮೆನ್ ಹೇಳಿ ಕೂತುಕೊಳ್ಳುತ್ತಾರೆ; ನಾನೂ ಅನೇಕಾವರ್ತಿ ಹಾಗೆಯೇ ಮಾಡಿದ್ದೇನೆ. ಆದರೆ ಸುವಾರ್ತಿಕನು ಅಲ್ಲಿ ನಿಲ್ಲಿಸಲಿಲ್ಲ. ಹೊರಗೆ ಬಂದವನ ಕೈಕಾಲುಗಳಿಗೆ ಬಟ್ಟೆಯ ಪಟ್ಟಿಗಳು ಇನ್ನೂ ಸುತ್ತಿಕೊಂಡಿದ್ದವು, ಮುಖಕ್ಕೆ ವಸ್ತ್ರ ಬಿಗಿದಿತ್ತು ಎಂದು ತಿಳಿಸಿ, ಆ ಕಟ್ಟುಗಳನ್ನು ಬಿಚ್ಚುವ ಕೆಲಸವನ್ನು ಕರ್ತನು ಸುತ್ತಲೂ ನಿಂತಿದ್ದ ಜನರಿಗೆ ಒಪ್ಪಿಸಿದನೆಂದು ಬರೆಯುತ್ತಾನೆ. ಸಮಾಧಿಯ ಕಲ್ಲನ್ನು ತೆಗೆದವರು ಮನುಷ್ಯರು. ಜೀವ ಕೊಟ್ಟಾತನು ಕರ್ತನು. ಕಟ್ಟು ಬಿಚ್ಚಬೇಕಾದವರು ತಿರಿಗಿ ಮನುಷ್ಯರೇ. ಸತ್ತವನನ್ನು ಎಬ್ಬಿಸಬಲ್ಲಾತನಿಗೆ ನಾಲ್ಕು ಗಂಟುಗಳು ಕಷ್ಟವಾಗಿದ್ದವೇ? ಇಲ್ಲ. ಆದಾಗ್ಯೂ ಆತನು ಅವುಗಳನ್ನು ನೆರೆಯವರ ಕೈಗೆ ಬಿಟ್ಟನು.

ಈ ಪಾಠವು ಕ್ಯಾನ್ಸರ್ ಎಂಬ ರೋಗಕ್ಕೆ ಚಿಕಿತ್ಸೆ ಹೊಂದಿ, ಅದನ್ನು ಮುಗಿಸಿ, ತಮ್ಮ ಮನೆಗೆ ತಿರಿಗಿ ಬಂದವರ ವಿಷಯವಾದದ್ದು. ಈ ರೋಗ ಬಂತೆಂದರೆ ಮರಣವೇ ಎಂಬ ಮಾತು ನಮ್ಮ ಹಿರಿಯರ ಕಾಲದಲ್ಲಿ ಬಹುಮಟ್ಟಿಗೆ ನಿಜವಾಗಿತ್ತು. ಈಗ ಹಾಗಿಲ್ಲ. ಲೋಕಾರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಳಿಯವರು 2022ನೇ ವರ್ಷಕ್ಕೆ ಕಟ್ಟಿದ ಅಂದಾಜಿನ ಪ್ರಕಾರ ಹಿಂದೂದೇಶದಲ್ಲಿ ಆ ಒಂದು ವರ್ಷ ಹೊಸದಾಗಿ ರೋಗ ಕಂಡವರು ಸುಮಾರು 14 ಲಕ್ಷ ಮಂದಿ. ರೋಗ ಕಂಡು ಐದು ವರ್ಷದೊಳಗಿದ್ದು ಜೀವಂತರಾಗಿರುವವರು ಸುಮಾರು 32 ಲಕ್ಷ ಮಂದಿ. ಐದು ವರ್ಷ ದಾಟಿದವರು ಈ ಲೆಕ್ಕಕ್ಕೆ ಹೊರಗೆ. ಹೀಗಿರಲಾಗಿ ನಮ್ಮ ಪ್ರತಿಯೊಂದು ಸಭೆಯಲ್ಲಿಯೂ ಅಥವಾ ಅದರ ನೆರೆಯಲ್ಲಿಯೂ ಇಂಥವರು ಒಬ್ಬರಾದರೂ ಇರುವದು ಸಂಭವವೇ. ಅವರು ಸಮಾಧಿಯಿಂದ ಹೊರಗೆ ಬಂದವರು. ಅವರ ಕಟ್ಟುಗಳ ವಿಷಯದಲ್ಲಿ ನಾವು ಏನು ಮಾಡಿದ್ದೇವೆ?

ಮೊದಲು ನನ್ನ ತಪ್ಪನ್ನೇ ಹೇಳುವದು ನ್ಯಾಯ. ಕಮಲಾಪುರದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಸಭೆಯ ಒಬ್ಬ ಹಿರಿಯ ಸಹೋದರಿ ಇದ್ದಾರೆ. ಅವರ ಅಪ್ಪಣೆಯನ್ನು ಪಡೆದೇ, ಹೆಸರನ್ನೂ ಊರನ್ನೂ ಬಿಟ್ಟು ಬರೆಯುತ್ತೇನೆ. ಅವರಿಗೆ ಸ್ತನದ ಕ್ಯಾನ್ಸರ್ ಆಗಿ ದೂರದ ಊರೊಂದರಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆಮೇಲೆ ಕೀಮೋ ಎಂಬ ಔಷಧವನ್ನು ರಕ್ತನಾಳದಲ್ಲಿ ಏರಿಸಿದರು. ತರುವಾಯ ವಿಕಿರಣ ಚಿಕಿತ್ಸೆ, ಅಂದರೆ ನಮ್ಮ ಜನರು ಕರೆಂಟ್ ಕೊಡುವದು ಎಂದು ಹೇಳುವ ಚಿಕಿತ್ಸೆಯೂ ಆಯಿತು. ಈ ಎಲ್ಲಾ ತಿಂಗಳುಗಳಲ್ಲಿ ಸಭೆಯವರು ಮಾಡಿದ ಸಹಾಯವನ್ನು ನೆನಸಿದರೆ ನನಗೆ ಈಗಲೂ ಸಂತೋಷವಾಗುತ್ತದೆ. ಒಬ್ಬರು ತೊಗರಿ ಮಾರಿ ಹಣ ಕೊಟ್ಟರು. ಒಬ್ಬ ವಿಧವೆಯು ತನ್ನ ಕೆಲಸ ಬಿಟ್ಟು ಹದಿನೈದು ದಿನ ಆಸ್ಪತ್ರೆಯಲ್ಲಿ ಜೊತೆಗೆ ಕೂತಳು. ಪ್ರತಿ ಬುಧವಾರದ ಕೂಟದಲ್ಲಿ ಅವರ ಹೆಸರೇ ಮೊದಲನೇದು.

ಚಿಕಿತ್ಸೆ ಮುಗಿದು ಅವರು ಊರಿಗೆ ಬಂದಾಗ ಸ್ತೋತ್ರಕೂಟವನ್ನು ಏರ್ಪಡಿಸಿದೆವು. ಹಾರ ಹಾಕಿದೆವು, ಊಟವಿತ್ತು, ನಾನು ಎದ್ದು ನಿಂತು, ನಮ್ಮ ಅಕ್ಕನನ್ನು ದೇವರು ಸಂಪೂರ್ಣವಾಗಿ ವಾಸಿಮಾಡಿದ್ದಾನೆ, ಇನ್ನು ಇವರಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಕೆಲಸವಿಲ್ಲ ಎಂದು ಉತ್ಸಾಹದಿಂದ ಹೇಳಿಬಿಟ್ಟೆನು. ಜನರು ಹಲ್ಲೆಲೂಯಾ ಅಂದರು. ಮಾರಣೇ ಬುಧವಾರ ಪ್ರಾರ್ಥನೆಯ ಪಟ್ಟಿಯಿಂದ ಅವರ ಹೆಸರನ್ನು ನನ್ನ ಕೈಯಿಂದಲೇ ಹೊಡೆದುಹಾಕಿದೆನು. ನಮ್ಮ ಲೆಕ್ಕದಲ್ಲಿ ಕೆಲಸ ತೀರಿತ್ತು.

ಅಂದಿನಿಂದ ಆ ತಾಯಿಯು ಆರಾಧನೆಯಲ್ಲಿ ಹಿಂದಿನ ಸಾಲಿಗೆ ಹೋದರು. ಸೆರಗನ್ನು ಎಡಗೈಯ ಮೇಲೆ ಇಳಿಬಿಟ್ಟು ಕೂತಿರುತ್ತಿದ್ದರು. ಮುಂದೆ ಬರುವದನ್ನೇ ಕಡಿಮೆ ಮಾಡಿದರು. ವಿಶ್ವಾಸದಲ್ಲಿ ತಣ್ಣಗಾಗಿದ್ದಾರೆಂದು ನಾನು ಎಣಿಸಿ, ಬುದ್ಧಿ ಹೇಳಬೇಕೆಂದೇ ಒಂದು ದಿನ ಅವರ ಮನೆಗೆ ಹೋಗಬೇಕೆಂದಿದ್ದೆನು. ಹೋಗಲಿಲ್ಲ, ಹೋಗದಿದ್ದದ್ದೇ ಒಳ್ಳೇದಾಯಿತು. ನಿಜಸಂಗತಿ ತಿಳಿದದ್ದು ಏಳು ತಿಂಗಳಾದ ಮೇಲೆ. ಕೈ ಊದಿಕೊಂಡು ಬಳೆ ಏರದಂತಾಗಿತ್ತು. ಎರಡು ಸಾರಿ ತಪಾಸಣೆಗೆ ಹೋಗಬೇಕಾದ ದಿನಗಳು ದಾಟಿಹೋಗಿದ್ದವು. ದಿನಕ್ಕೊಂದರಂತೆ ಐದು ವರ್ಷ ನುಂಗಬೇಕೆಂದು ವೈದ್ಯರು ಬರೆದುಕೊಟ್ಟಿದ್ದ ಗುಳಿಗೆಯನ್ನೂ ಅವರು ನಿಲ್ಲಿಸಿದ್ದರು. ಯಾಕೆ ಹೀಗೆ ಮಾಡಿದಿರಿ ಅಕ್ಕಾ ಎಂದು ಕೇಳಿದಾಗ ಅವರು ನನ್ನ ಮುಖ ನೋಡದೆ ಹೇಳಿದ ಮಾತು ಇದು: “ನೀವೇ ಚರ್ಚಿನಾಗ ನಿಂತು ಹೇಳೀರಲ್ರಿ ಮಾಸ್ತರ್ರೆ, ನಂದು ಪೂರಾ ಆರಾಮ ಆಗ್ಯಾದಂತ. ಮತ್ತ ದವಾಖಾನಿಗಿ ಹೋದ್ರ, ಗುಳಿಗಿ ತಗೊಂಡ್ರ, ದೇವರ ಹೆಸರು ಕೆಡತದ ಅಂತ ಸುಮ್ಮ ಕುಂತೆ.”

ಈ ಮಾತನ್ನು ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಲಾಜರನ ಕಟ್ಟುಗಳನ್ನು ಬಿಚ್ಚಬೇಕಾದವನು ನಾನೇ ಇನ್ನೊಂದು ಸುತ್ತು ಸುತ್ತಿದ್ದೆನು.

ಮೊದಲನೇ ಗಂಟನ್ನು ಬಿಚ್ಚಿದವರು ಸಭೆಯವರಲ್ಲ. ಆ ಸಹೋದರಿಯ ಮಗಳು ಕಲಬುರಗಿ ಪಟ್ಟಣದಲ್ಲಿ ಓದುತ್ತಿದ್ದಾಳೆ. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿದ ಹೆಂಗಸರು ವಾರಕ್ಕೊಂದು ಸಾಯಂಕಾಲ ಅಂತರ್ಜಾಲದ ಮೂಲಕ, ಮೊಬೈಲಿನ ಪರದೆಯ ಮೇಲೆ ಕೂಡಿಬಂದು ಕನ್ನಡದಲ್ಲಿ ಮಾತಾಡಿಕೊಳ್ಳುವ ಒಂದು ಕೂಟವನ್ನು ಅವಳು ಕಂಡುಕೊಂಡು, ರಜೆಯಲ್ಲಿ ಊರಿಗೆ ಬಂದಾಗ ತಾಯಿಯನ್ನು ಅದಕ್ಕೆ ಸೇರಿಸಿದಳು. ಆಪ್ತ ಸಮಾಲೋಚನೆಯಲ್ಲಿ ತರಬೇತು ಹೊಂದಿದ ಒಬ್ಬಾಕೆ ಅದನ್ನು ನಡಿಸುತ್ತಾರೆ. ಮೂರು ವಾರ ಈ ತಾಯಿಯು ತನ್ನ ಚಿತ್ರವನ್ನು ಮುಚ್ಚಿಕೊಂಡು ಬರೇ ಕೇಳುತ್ತಿದ್ದರು. ನಾಲ್ಕನೇ ವಾರ ಹುಬ್ಬಳ್ಳಿ ಕಡೆಯ ಮಾತಿನ ಒಬ್ಬ ಹೆಂಗಸು ತನ್ನ ಊದಿದ ಕೈಯನ್ನು ಪರದೆಯ ಮುಂದೆ ಎತ್ತಿ ಹಿಡಿದು, ನನ್ನ ರವಿಕೆಯ ತೋಳು ಹರಿದು ಹೊಲಿಸಬೇಕಾಯಿತು ಎಂದು ನಕ್ಕಳಂತೆ. ಆ ನಗೆಯನ್ನು ಕೇಳಿ ನಮ್ಮ ಅಕ್ಕನವರು ಮೊದಲನೇ ಸಾರಿ ಬಾಯಿ ತೆರೆದು, ನನಗೂ ಹಾಗೇ ಆಗಿದೆ ಅಂದರು. ಕೂಡಲೇ ಅತ್ತಲಿಂದ ಬಂದ ಪ್ರಶ್ನೆ, ವೈದ್ಯರಿಗೆ ತೋರಿಸಿದಿರೋ? ತೋರಿಸಿಲ್ಲವೆಂದಾಗ, ಈ ವಾರದಲ್ಲಿಯೇ ಹೋಗಬೇಕೆಂದು ಆ ಸಮಾಲೋಚಕಿಯು ಬಿಡದೆ ಹೇಳಿದರು. ಮೂರನೇ ದಿನ ತಾಯಿಮಗಳು ಕಲಬುರಗಿಯ ಬಸ್ಸು ಹತ್ತಿದರು. ಗುರುತಿಲ್ಲದ ಒಬ್ಬ ಹೆಂಗಸಿನ ಹರಿದ ತೋಳು ಅವರನ್ನು ಹಾಗೆ ಎಬ್ಬಿಸಿತು. ಅವರ ಸಭೆಯ ಉಪದೇಶಿಗೆ ಅದು ತಿಳಿಯಲೂ ಇಲ್ಲ.

ರೋಗ ಮರಳಿರಲಿಲ್ಲ. ದೇವರಿಗೆ ಸ್ತೋತ್ರ. ಆ ಊತದ ಕಾರಣವನ್ನು ವೈದ್ಯರು ವಿವರಿಸಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕಂದರೆ ಇದು ಅನೇಕರಿಗೆ ಬರತಕ್ಕದ್ದು. ನಮ್ಮ ಶರೀರದಲ್ಲಿ ರಕ್ತನಾಳಗಳಲ್ಲದೆ ದುಗ್ಧರಸ ಎಂಬ ತಿಳಿನೀರು ಹರಿಯುವ ಸಣ್ಣ ಕಾಲುವೆಗಳೂ, ಕಂಕುಳಲ್ಲಿ ಅವು ಕೂಡುವ ಗಂಟುಗಳೂ ಉಂಟು. ಶಸ್ತ್ರಚಿಕಿತ್ಸೆಯಲ್ಲಿ ಆ ಗಂಟುಗಳನ್ನು ತೆಗೆದರೆ, ಇಲ್ಲವೆ ಅಲ್ಲಿಗೆ ವಿಕಿರಣ ಕೊಟ್ಟರೆ, ಹೊಲದ ಕಾಲುವೆಗೆ ಮಣ್ಣು ಬಿದ್ದಂತೆ ನೀರು ಹಿಂದೆಯೇ ನಿಂತು ಕೈ ಊದುತ್ತದೆ. ಚಿಕಿತ್ಸೆಯಾಗಿ ವರ್ಷಗಳು ಕಳೆದ ಮೇಲೆಯೂ ಇದು ಬರಬಹುದು. ಇದು ತಾನೇ ಕ್ಯಾನ್ಸರಲ್ಲ. ಆದರೆ ಹೊಸದಾಗಿ ಬಂದ ಊತವನ್ನು ವೈದ್ಯರು ನೋಡಿಯೇ ಹಾಗೆಂದು ಹೇಳಬೇಕು, ನಾವು ನಾವೇ ತೀರ್ಮಾನಿಸಕೂಡದು. ಬೇಗ ಹಿಡಿದರೆ ವ್ಯಾಯಾಮದಿಂದಲೂ, ಬಿಗಿಯಾದ ಪಟ್ಟಿ ಅಥವಾ ತೋಳುಚೀಲದಿಂದಲೂ, ಚರ್ಮದ ಜೋಪಾನದಿಂದಲೂ ತಹಬಂದಿಗೆ ಬರುತ್ತದೆ. ತಡಮಾಡಿದಷ್ಟೂ ಕೈ ಗಡುಸಾಗುತ್ತದೆ. ಆ ಕೈಗೆ ತೊಗರಿಕಟ್ಟಿಗೆಯ ಗೀರಾಗಲಿ ಒಲೆಯ ಸುಟ್ಟಗಾಯವಾಗಲಿ ಆಗದಂತೆ ನೋಡಿಕೊಳ್ಳಬೇಕು. ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿವಸ ವೈದ್ಯರ ಬಳಿಗೆ ಹೋಗಬೇಕು. ಆ ತಾಯಿಯ ಕೈಗೆ ಈಗ ದಿನಾಲು ಪಟ್ಟಿ ಕಟ್ಟುತ್ತಾರೆ. ಕಟ್ಟು ಬಿಚ್ಚಿರೆಂದು ಪ್ರಸಂಗ ಮಾಡುವ ನನಗೆ, ಕೆಲವು ಕಟ್ಟುಗಳನ್ನು ಕಟ್ಟಲೂ ಬೇಕೆಂದು ಅವರು ತೋರಿಸಿ ನಕ್ಕರು.

ಗುಳಿಗೆಯ ವಿಷಯವಾಗಿ ಒಂದು ಮಾತು. ಹಾರ್ಮೋನಿನಿಂದ ಬೆಳೆಯುವ ಜಾತಿಯ ಸ್ತನದ ಕ್ಯಾನ್ಸರ್ ಆದವರಿಗೆ ಐದು ವರ್ಷ, ಕೆಲವರಿಗೆ ಹತ್ತು ವರ್ಷವೂ ದಿನಕ್ಕೊಂದು ಗುಳಿಗೆಯನ್ನು ಬರೆಯುತ್ತಾರೆ. ಮೈಯಲ್ಲಿ ನೋವಿಲ್ಲದಾಗ ನುಂಗುವ ಈ ಗುಳಿಗೆಯೇ ರೋಗ ಮರಳುವದನ್ನು ತಡೆಯುವ ಕಾವಲು. ತಪಾಸಣೆಗಳೂ ಹಾಗೆಯೇ: ಸಾಧಾರಣವಾಗಿ ಮೊದಲಿನ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಐದನೇ ವರ್ಷದ ವರೆಗೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ತರುವಾಯ ವರ್ಷಕ್ಕೊಮ್ಮೆ. ಇದು ಅವಿಶ್ವಾಸವೋ? ಹಿಜ್ಕೀಯನ ಕಥೆಯನ್ನು ನೋಡಿರಿ. ಅರಸನ ಆಯುಷ್ಯಕ್ಕೆ ಹದಿನೈದು ವರ್ಷ ಕೂಡಿಸುವೆನೆಂದು ದೇವರು ಪ್ರವಾದಿಯ ಮುಖಾಂತರ ವಾಗ್ದಾನ ಮಾಡಿದನು. ಆ ವಾಗ್ದಾನವನ್ನು ತಂದ ಯೆಶಾಯನೇ ಅಂಜೂರದ ಮುದ್ದೆಯನ್ನು ಹುಣ್ಣಿಗೆ ಕಟ್ಟಿಸಿದನು. ವಾಗ್ದಾನವನ್ನು ಕೇಳಿದ ಮೇಲೆ ಮದ್ದು ಯಾತಕ್ಕೆಂದು ಪ್ರವಾದಿಯು ಕೇಳಲಿಲ್ಲ; ಅರಸನೂ ಅದನ್ನು ಕಿತ್ತುಹಾಕಲಿಲ್ಲ. ನಾನು ಸ್ತೋತ್ರಕೂಟದಲ್ಲಿ ಈ ವಚನವನ್ನು ಓದಿದ್ದರೆ ಏಳು ತಿಂಗಳ ಗುಳಿಗೆ ತಪ್ಪುತ್ತಿರಲಿಲ್ಲ.

ಇನ್ನು ಆ ಪರದೆಯ ಕೂಟಗಳ ವಿಷಯ. ಒಂದೇ ರೋಗವನ್ನು ಅನುಭವಿಸಿದವರು ಒಬ್ಬರಿಗೊಬ್ಬರು ಸಹಾಯವಾಗಬಹುದೆಂಬ ಯೋಚನೆ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. 1952ರಲ್ಲಿ ಅಮೇರಿಕದ ನ್ಯೂಯಾರ್ಕಿನಲ್ಲಿ ಟೆರೀಸ್ ಲ್ಯಾಸರ್ ಎಂಬ ಹೆಂಗಸು ಸ್ತನದ ಶಸ್ತ್ರಚಿಕಿತ್ಸೆ ಹೊಂದಿ ಗುಣವಾದ ಮೇಲೆ, ಅದೇ ಚಿಕಿತ್ಸೆ ಹೊಂದಿ ಮಲಗಿದ್ದವರ ಮಂಚದ ಬಳಿಗೆ ಹೋಗಿ ಮಾತಾಡಿಸಲಾರಂಭಿಸಿದಳು. ಕೈಗೆ ಮಾಡತಕ್ಕ ವ್ಯಾಯಾಮಗಳನ್ನು ತೋರಿಸಿಕೊಡುತ್ತಿದ್ದಳು. ಆ ಕೆಲಸ ಹಬ್ಬಿ ದೇಶದೇಶಗಳಿಗೆ ಹೋಯಿತು. ಮುಂದೆ ಫಿಟ್ಝ್‌ಹ್ಯೂ ಮಲನ್ ಎಂಬ ವೈದ್ಯನು, ತಾನೇ ಎದೆಯೊಳಗಿನ ಕ್ಯಾನ್ಸರಿನಿಂದ ಉಳಿದವನಾಗಿ, 1985ರಲ್ಲಿ ಒಂದು ವೈದ್ಯಪತ್ರಿಕೆಯಲ್ಲಿ ಲೇಖನ ಬರೆದನು. ಉಳಿದುಕೊಳ್ಳುವದಕ್ಕೂ ಋತುಗಳುಂಟು, ಚಿಕಿತ್ಸೆಯ ಋತು ಒಂದು, ಅದು ಮುಗಿದು ಭಯದಿಂದಲೂ ಬಳಲಿಕೆಯಿಂದಲೂ ಕಾಯುವ ಋತು ಇನ್ನೊಂದು, ರೋಗ ಮರಳುವ ಸಂಭವ ಕಡಿಮೆಯಾಗಿ ನೆಲೆಗೊಳ್ಳುವ ಋತು ಮೂರನೇದು ಎಂಬದು ಅವನ ವಿಚಾರ. ನೀರಿನಲ್ಲಿ ಮುಳುಗುವವನನ್ನು ಬಹು ಜಾಣತನದಿಂದ ಎಳೆದು, ದಂಡೆಯ ಮೇಲೆ ಕೆಮ್ಮುತ್ತಾ ಮಲಗಿರಲು ಬಿಟ್ಟುಬಿಡುತ್ತೇವೆಂಬದು ಅವನ ದೂರಾಗಿತ್ತು. ಬಾವಿಯಿಂದ ಎತ್ತಿದವನಿಗೆ ನಮ್ಮ ಹಳ್ಳಿಯಲ್ಲಿ ಒಣಬಟ್ಟೆ ಕೊಡುತ್ತೇವೆ, ಬಿಸಿ ಕುಡಿಸುತ್ತೇವೆ. ಈ ರೋಗದಿಂದ ಎದ್ದವನಿಗೆ ಮಾತ್ರ ಹಾರ ಹಾಕಿ ಮನೆಗೆ ಹೋಗುತ್ತೇವೆ.

ದೂರದಲ್ಲಿರುವವರನ್ನು ಯಂತ್ರದ ಮೂಲಕ ಕೂಡಿಸುವ ಪ್ರಯತ್ನವು 1990ರ ದಶಕದಲ್ಲಿಯೇ ನಡೆದಿತ್ತು. ಅಮೇರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಸ್ತನದ ಕ್ಯಾನ್ಸರಾದ ಹೆಂಗಸರ ಮನೆಗಳಿಗೆ ಕಂಪ್ಯೂಟರುಗಳನ್ನು ಎರವಾಗಿ ಕೊಟ್ಟು, ಅದರ ಮುಖಾಂತರ ರೋಗದ ವಿವರಗಳನ್ನೂ ಒಬ್ಬರೊಂದಿಗೊಬ್ಬರು ಬರೆದುಕೊಳ್ಳುವ ಅನುಕೂಲವನ್ನೂ ಒದಗಿಸಿದರು. 246 ಮಂದಿಯನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಬೇರೆ ಆಧಾರಗಳು ಕಡಿಮೆಯಿದ್ದ ಹೆಂಗಸರಿಗೇ ಹೆಚ್ಚು ಪ್ರಯೋಜನವಾಯಿತೆಂದು ಕಂಡಿತು. ಹಳ್ಳಿಯವರಾದ ನಾವು ಇದನ್ನು ಗಮನಿಸತಕ್ಕದ್ದು. 2020ರಲ್ಲಿ ಕೊರೊನಾ ಬಂದು ಜನರು ಮನೆಗಳಲ್ಲಿ ಮುಚ್ಚಲ್ಪಟ್ಟಾಗ, ಪಟ್ಟಣಗಳಲ್ಲಿ ಕೂಡುತ್ತಿದ್ದ ಇಂಥ ಅನೇಕ ಸಂಘಗಳು ಪರದೆಯ ಮೇಲೆ ಕೂಡಲು ಕಲಿತವು. ಬಾಧೆ ತಗ್ಗಿದ ಮೇಲೆಯೂ ಆ ದಾರಿ ಮುಚ್ಚಲಿಲ್ಲ. ಅದರಿಂದಲೇ ಕಮಲಾಪುರದ ಒಬ್ಬ ತಾಯಿ ಹುಬ್ಬಳ್ಳಿಯ ಒಬ್ಬಾಕೆಯ ತೋಳನ್ನು ನೋಡುವಂತಾಯಿತು.

ಆದರೂ ಇಲ್ಲದ ಗುಣವನ್ನು ಇದಕ್ಕೆ ಆರೋಪಿಸಬಾರದು. 1989ರಲ್ಲಿ ಡೇವಿಡ್ ಸ್ಪೀಗೆಲ್ ಎಂಬ ವೈದ್ಯನು, ಇಂಥ ಕೂಟಗಳಿಗೆ ಸೇರಿದ ಹೆಂಗಸರು ಸೇರದವರಿಗಿಂತ ಹೆಚ್ಚು ಕಾಲ ಬದುಕಿದರೆಂದು ಪ್ರಕಟಿಸಿದಾಗ ಲೋಕವು ಬೆರಗಾಯಿತು. ಅದು ಬರೇ 86 ಮಂದಿಯ ಪರೀಕ್ಷೆ. ಕೆನಡಾ ದೇಶದಲ್ಲಿ 235 ಮಂದಿ ಹೆಂಗಸರನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದಾಗ ಆಯುಷ್ಯ ಹೆಚ್ಚಲಿಲ್ಲವೆಂದು ತಿಳಿಯಿತು. 2007ರಲ್ಲಿ ಸ್ಪೀಗೆಲನೇ ತಿರಿಗಿ ಮಾಡಿದ ಪರೀಕ್ಷೆಯಲ್ಲಿಯೂ ಹೆಚ್ಚಲಿಲ್ಲ. ಆ ಮನುಷ್ಯನು ತನ್ನ ಮೊದಲಿನ ಮಾತು ನಿಲ್ಲಲಿಲ್ಲವೆಂಬದನ್ನು ತಾನೇ ಪ್ರಕಟಿಸಿದ್ದು ನನಗೆ ಮೆಚ್ಚಿಕೆ. ಕೆನಡಾದವರ ಪರೀಕ್ಷೆಯಲ್ಲಿ ನಿಂತ ಫಲವು ಬೇರೆ: ಬಹಳ ಕುಗ್ಗಿದ್ದವರ ಮನಸ್ಸು ಹಗುರವಾಯಿತು, ನೋವು ಕಡಿಮೆಯಾಗಿ ತೋರಿತು. ಅದು ಸಣ್ಣದಲ್ಲ. ಇನ್ನೊಂದು ಪರೀಕ್ಷೆಯಲ್ಲಿ, ರೋಗ ಹಬ್ಬಿ ಇನ್ನೂ ಚಿಕಿತ್ಸೆಯಲ್ಲಿದ್ದ 766 ಮಂದಿಯಲ್ಲಿ ಕೆಲವರು ತಮ್ಮ ಲಕ್ಷಣಗಳನ್ನು ಅಂತರ್ಜಾಲದ ಮೂಲಕ ಆಸ್ಪತ್ರೆಗೆ ಬರೆದು ತಿಳಿಸುತ್ತಿದ್ದರು, ದಾದಿಯರು ಅದನ್ನು ಓದಿ ಕೂಡಲೇ ವಿಚಾರಿಸುತ್ತಿದ್ದರು. 2017ರಲ್ಲಿ ಪ್ರಕಟವಾದ ಪ್ರಕಾರ ಹೀಗೆ ತಿಳಿಸಿದವರು ಐದು ತಿಂಗಳಷ್ಟು ಹೆಚ್ಚು ಬದುಕಿದರು. ಹೇಗಂದರೆ, ಜೊತೆಯವರೊಂದಿಗೆ ಮಾತು ಮನಸ್ಸಿಗೆ ಆಧಾರ. ವೈದ್ಯರ ಕಿವಿಗೆ ಮುಟ್ಟಿದ ಮಾತು ಶರೀರಕ್ಕೆ ಆಧಾರ. ನಮ್ಮ ಅಕ್ಕನವರಿಗೆ ಕೂಟವು ಒಳ್ಳೇದು ಮಾಡಿದ್ದು, ಅದು ಅವರನ್ನು ಕಲಬುರಗಿಗೆ ಕಳುಹಿಸಿದ್ದರಿಂದ.

ಊರಿನಲ್ಲಿ ಹೇಳಲಾಗದ ಸಂಗತಿಗಳು ಬಹಳವುಂಟು. ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆಯಾದವಳಿಗೆ ಗಂಡಹೆಂಡರ ಸಂಸಾರದಲ್ಲಿ ಬರುವ ತೊಂದರೆಯನ್ನು ಅವಳು ಅತ್ತೆಗೆ ಹೇಳಾಳೋ, ಉಪದೇಶಿಗೆ ಹೇಳಾಳೋ? ದೂರದ ಹೆಂಗಸರ ಮುಂದೆ ಹೇಳಬಲ್ಲಳು. ತಂಬಾಕಿನಿಂದಲೂ ಗುಟ್ಕಾದಿಂದಲೂ ಬಾಯಿಯ ಕ್ಯಾನ್ಸರಾಗಿ ದವಡೆಯ ಭಾಗವನ್ನು ಕಳಕೊಂಡ ಗಂಡಸರು ನಮ್ಮಲ್ಲಿ ಇದ್ದಾರೆ. ಬಾಯಿ ಎರಡು ಬೆರಳಗಲ ತೆರೆಯದು, ಉಗುಳು ಒಣಗಿರುತ್ತದೆ, ಮಾತು ತೊದಲುತ್ತದೆ. ಸಂತೆಯಲ್ಲಿ ಹುಡುಗರು ನಗುತ್ತಾರೆ. ಅಂಥವನು ಮೊಬೈಲಿನಲ್ಲಿ ಬರೆದು ಮಾತಾಡುವಾಗ ಅವನ ಮಾತು ಎಲ್ಲರ ಮಾತಿನಷ್ಟೇ ಸ್ಪಷ್ಟ. ಆದರೆ ಬಾಯಿ ತೆರೆಯುವ ವ್ಯಾಯಾಮವನ್ನು ದಿನಾಲು ಅವನೇ ಮಾಡಬೇಕು, ತಂಬಾಕನ್ನು ಪೂರಾ ಬಿಡಬೇಕು. ಪರದೆಯಲ್ಲಿ ಯಾರೂ ಅದನ್ನು ಅವನಿಗಾಗಿ ಮಾಡಲಾರರು. ಗಲಾತ್ಯದವರಿಗೆ ಬರೆದ ಪತ್ರಿಕೆಯ ಆರನೇ ಅಧ್ಯಾಯದಲ್ಲಿ ಪೌಲನು ಒಬ್ಬರ ಭಾರವನ್ನೊಬ್ಬರು ಹೊರುವ ವಿಷಯವನ್ನು ಹೇಳಿ, ಮೂರು ವಚನ ದಾಟುವಷ್ಟರಲ್ಲಿ ಪ್ರತಿಯೊಬ್ಬನೂ ತನ್ನ ಹೊರೆಯನ್ನು ಹೊರುವದನ್ನೂ ಹೇಳುತ್ತಾನೆ. ಎರಡೂ ನಿಜ.

ಭಯದ ವಿಷಯವನ್ನು ಬಿಡಬಾರದು. ತಪಾಸಣೆಯ ದಿನ ಹತ್ತಿರವಾದಂತೆ ನಿದ್ರೆ ಹೋಗುವದು, ತಲೆನೋವು ಬಂದರೂ ರೋಗ ಮರಳಿತೆಂದು ನಡುಗುವದು ಬಹುಮಂದಿಗೆ ಉಂಟು. ಇದನ್ನು ಅಲ್ಪವಿಶ್ವಾಸವೆಂದು ಗದರಿಸುವವರು ತಾವು ಆ ಮಂಚದ ಮೇಲೆ ಮಲಗಿದವರಲ್ಲ. ಬಳಲಿಕೆಯೂ ಹಾಗೆಯೇ, ಚಿಕಿತ್ಸೆ ತೀರಿ ತಿಂಗಳುಗಳಾದರೂ ಮೈ ಏಳದಿರುವದು ಸೋಮಾರಿತನವಲ್ಲ. ವಿಚಿತ್ರವೇನಂದರೆ, ಇದಕ್ಕೆ ಸದಾ ಮಲಗಿರುವದಕ್ಕಿಂತ ದಿನಾಲು ಸ್ವಲ್ಪಸ್ವಲ್ಪ ಹೆಚ್ಚಿಸುತ್ತಾ ನಡೆಯುವದೇ ಒಳ್ಳೇ ಮದ್ದೆಂದು ವೈದ್ಯರು ಕಂಡುಕೊಂಡಿದ್ದಾರೆ. ಈ ರೋಗವು ಅಂಟುಜಾಡ್ಯವಲ್ಲ; ತಾಟು ಲೋಟ ಬೇರೆ ಇಡುವದು ಅಜ್ಞಾನವೂ ಕ್ರೂರತನವೂ ಆಗಿದೆ. ಹುಟ್ಟುಕುರುಡನನ್ನು ಕಂಡು ಯಾರ ಪಾಪದಿಂದ ಹೀಗಾಯಿತೆಂದು ಶಿಷ್ಯರು ಕೇಳಿದಾಗ ಕರ್ತನು ಆ ಲೆಕ್ಕವನ್ನೇ ತಳ್ಳಿಹಾಕಿದನೆಂಬದು ನಿಮಗೆ ಗೊತ್ತುಂಟು.

ಎಚ್ಚರಿಕೆಗಳೂ ಬೇಕು. ಒಳ್ಳೇ ಕೂಟವು ಬರುವ ಮೊಬೈಲಿನಲ್ಲಿಯೇ ಸುಳ್ಳು ಮದ್ದಿನವರೂ ಬರುತ್ತಾರೆ. ಆ ತಾಯಿಯ ವಾಟ್ಸಾಪಿಗೆ ಒಂದೇ ತಿಂಗಳಲ್ಲಿ ಬಂದವುಗಳನ್ನು ಮಗಳು ನನಗೆ ತೋರಿಸಿದಳು: ಲಕ್ಷ್ಮಣಫಲ ತಿಂದರೆ ಕೀಮೋ ಬೇಡ ಎಂಬದೊಂದು, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹಸಿದು ಸಾಯುತ್ತದೆಂಬದೊಂದು, ಮೂರನೇದು, ನಾಚಿಕೆಯಿಂದ ಬರೆಯುತ್ತೇನೆ, ನಮ್ಮ ಕರ್ತನ ಹೆಸರೆತ್ತಿ ಒಂದು ಸೀಸೆ ಎಣ್ಣೆಯನ್ನು ಮಾರುವ ಬೋಧಕನದು. ಮದ್ದು ನಿಲ್ಲಿಸಿರಿ ಎಂದು ಹೇಳುವವನನ್ನೂ, ಹಣ ಕೇಳುವವನನ್ನೂ, ಕೂಟವನ್ನು ನಡಿಸುವವರು ಯಾರು, ಯಾವ ಆಸ್ಪತ್ರೆಗೆ ಅಥವಾ ಸಂಸ್ಥೆಗೆ ಸೇರಿದವರು ಎಂದು ಕೇಳಿದರೆ ಉತ್ತರ ಕೊಡದವನನ್ನೂ ನಂಬಬೇಡಿರಿ. ಸೇರುವದಕ್ಕೆ ಮುಂಚೆ ನಿಮ್ಮ ಚಿಕಿತ್ಸೆಯ ವೈದ್ಯರನ್ನು ಕೇಳಿಕೊಳ್ಳುವದು ಲೇಸು. ಮನೆಯಲ್ಲಿ ಇರುವದು ಒಂದೇ ಮೊಬೈಲು, ಅದು ಮಗನ ಜೇಬಿನಲ್ಲಿ. ಹೀಗಿದ್ದರೆ ತಾಯಿಯ ಗುಟ್ಟು ಊರಿನ ಗುಟ್ಟಾಗುವದು. ಗಂಡುಮಕ್ಕಳು ಇದನ್ನು ಓದಿ ಆ ಹೊತ್ತಿಗೆ ಮೊಬೈಲನ್ನು ಕೊಟ್ಟು ಹೊರಗೆ ಹೋಗಲಿ.

ನಮ್ಮ ಸೀಮೆಯವರಿಗೆ ಉಪಯೋಗವಾಗತಕ್ಕ ಕೆಲವು ಸಂಗತಿಗಳು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯ ಶಾಖಾ ಆಸ್ಪತ್ರೆಯು ಕಲಬುರಗಿಯಲ್ಲಿಯೇ ಇದೆ; ದೂರದ ಊರಿನಲ್ಲಿ ಚಿಕಿತ್ಸೆಯಾದವರು ತಮ್ಮ ಎಲ್ಲಾ ಕಾಗದಗಳನ್ನು ಒಂದು ಚೀಲದಲ್ಲಿ ಜೋಪಾನವಾಗಿಟ್ಟು, ನಡುವೆ ತೊಂದರೆ ಕಂಡರೆ ಅಲ್ಲಿಗೆ ಹೋಗಿ ವಿಚಾರಿಸಬಹುದು. ಸರಕಾರದ ಇ-ಸಂಜೀವಿನಿ ಎಂಬ ಏರ್ಪಾಡಿನಿಂದ ಹಳ್ಳಿಯ ಆರೋಗ್ಯಕೇಂದ್ರದಲ್ಲಿ ಕೂತೇ ದೂರದ ವೈದ್ಯರೊಂದಿಗೆ ಪರದೆಯ ಮೂಲಕ ಮಾತಾಡುವ ದಾರಿಯುಂಟು. ಮನಸ್ಸು ಕುಗ್ಗಿದವರು, ನಿದ್ರೆ ಬಾರದವರು 14416 ಎಂಬ ಸಂಖ್ಯೆಗೆ ಕರೆ ಮಾಡಬಹುದು. ಟೆಲಿ-ಮಾನಸ್ ಎಂಬ ಈ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅದಕ್ಕೆ ಮುಖ್ಯಸ್ಥರು, ಕನ್ನಡದಲ್ಲಿಯೇ ಮಾತಾಡಬಹುದು, ಹಣವಿಲ್ಲ, ರಾತ್ರಿಯೂ ನಡೆಯುತ್ತದೆ. ಮುಂಬಯಿಯಲ್ಲಿ 1951ರಲ್ಲಿ ಹುಟ್ಟಿದ ಇಂಡಿಯನ್ ಕ್ಯಾನ್ಸರ್ ಸೊಸೈಟಿಯವರು ಚಿಕಿತ್ಸೆ ತೀರಿದವರ ಕೂಟಗಳನ್ನು ಬಹುಕಾಲದಿಂದ ನಡಿಸುತ್ತಾ ಬಂದಿದ್ದಾರೆ. ತಪಾಸಣೆಗಾಗಿ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ದರದಲ್ಲಿ ರಿಯಾಯಿತಿಯುಂಟು. ಆಸ್ಪತ್ರೆಯಿಂದ ನಿಗದಿಯಾದ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಹೆಂಗಸರಿಗಂತೂ 2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾಧಾರಣ ಸರಕಾರಿ ಬಸ್ಸುಗಳಲ್ಲಿ ದರವೇ ಇಲ್ಲ. ಕಮಲಾಪುರದಿಂದ ಕಲಬುರಗಿಗೆ ಹೋಗಲು ಹಣವಿಲ್ಲವೆಂಬ ನೆವ ಹೋಯಿತು.

ಕಡೆಗೆ ನಾವು ಏನು ಮಾಡಿದೆವೆಂದು ಹೇಳುತ್ತೇನೆ. ಬೇರೆ ಸಭೆಯವರು ಇದಕ್ಕಿಂತ ಲೇಸಾದದ್ದನ್ನು ಮಾಡಬಹುದು. ಕೂಟದ ಸಾಯಂಕಾಲ ಚರ್ಚಿನ ಪಕ್ಕದ ಕೋಣೆಯ ಬೀಗದಕೈಯನ್ನು ಆ ತಾಯಿಗೆ ಕೊಡುತ್ತೇವೆ. ಅಲ್ಲಿ ಮೊಬೈಲಿನ ಹಿಡಿತ ಚೆನ್ನಾಗಿದೆ. ಮಗಳು ಊರಲ್ಲಿಲ್ಲದಾಗ ಸಂಡೇಸ್ಕೂಲಿನ ಒಬ್ಬ ಹುಡುಗಿ ಬಂದು ಕೂಟವನ್ನು ತೆರೆದುಕೊಟ್ಟು, ಬಾಗಿಲೆಳೆದುಕೊಂಡು ಹೊರಗೆ ಕಟ್ಟೆಯ ಮೇಲೆ ಕೂಡುತ್ತಾಳೆ. ಈಗ ಪಕ್ಕದ ಹಳ್ಳಿಯ ಇನ್ನೊಬ್ಬ ಹೆಂಗಸೂ ಬರುತ್ತಾಳೆ. ಅವಳು ನಮ್ಮ ಸಭೆಯವಳಲ್ಲ, ನಾವೂ ಅದನ್ನು ಕೇಳುವದಿಲ್ಲ. ಪ್ರಾರ್ಥನೆಯ ಪಟ್ಟಿಯಲ್ಲಿ ಅಕ್ಕನವರ ಹೆಸರನ್ನು ತಿರಿಗಿ ಬರೆದಿದ್ದೇವೆ, ಅದರ ಪಕ್ಕದಲ್ಲಿ ತಪಾಸಣೆಯ ತಾರೀಖನ್ನೂ ಬರೆದಿದ್ದೇವೆ. ಸ್ತೋತ್ರಕೂಟದ ದಿನ ನಾನು ಹೇಳಿದ ಮಾತು ತಪ್ಪೆಂದು, ಅದೇ ಸ್ಥಳದಲ್ಲಿ ನಿಂತು, ಆರಾಧನೆಯ ನಡುವೆ ಎಲ್ಲರಿಗೂ ಹೇಳಿದೆನು. ಹೇಳುವಾಗ ಗಂಟಲು ಕಟ್ಟಿತು. ಒಬ್ಬ ಹಿರಿಯನು ತರುವಾಯ, ಅಷ್ಟು ಹೇಳಬೇಕಾಗಿರಲಿಲ್ಲವೆಂದನು. ಆ ತಾಯಿಯು ಮಾತ್ರ ಮುಂದಿನ ಭಾನುವಾರ ಮುಂದಿನ ಸಾಲಿಗೆ ಬಂದು ಕೂತರು, ಸೆರಗನ್ನು ಹಿಂದಕ್ಕೆ ಸರಿಸಿ, ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು.

ಬರುವ ತಪಾಸಣೆಯು ತೊಗರಿ ಕೊಯ್ಲಿನ ನಡುವೆ ಬಿದ್ದಿದೆ. ಆ ದಿನ ಅವರ ಹೊಲಕ್ಕೆ ಇಬ್ಬರು ಸಹೋದರಿಯರು ಹೋಗಲು ಒಪ್ಪಿದ್ದಾರೆ; ನನ್ನ ಹೆಂಡತಿಯು ಜೊತೆಯಲ್ಲಿ ಕಲಬುರಗಿಗೆ ಹೋಗುತ್ತಾಳೆ. ಅವರ ಎಮ್ಮೆಗೆ ನೀರು ಕುಡಿಸಿ ಮೇವು ಹಾಕುವ ಕೆಲಸ ಉಪದೇಶಿಯ ಪಾಲಿಗೆ ಬಂದಿದೆ. ಅದು ಹಾಯುವ ಎಮ್ಮೆಯೆಂದು ನನಗೆ ಈಗ ಹೇಳಿದ್ದಾರೆ.